ಬರಿ ಉಡಿಯಲ್ಲಿ ಹೋಗಬೇಕಾದ ಯಂತ್ರ

ಎಣ್ಣೆ ಹಾಕುವುದೂ ಒಂದು ಕೆಲಸವೇ ಎಂದು ಕೇಳುವವರ ಜೊತೆ ನಾನು ಈಗ ಜಗಳಕ್ಕೆ ನಿಲ್ಲುವುದಿಲ್ಲ. ನಿವೃತ್ತಿಯಾದ ಮೇಲೆ ನಾಲಿಗೆಗೂ ಸ್ವಲ್ಪ ನಿವೃತ್ತಿ ಕೊಡಬೇಕು ಎನ್ನುತ್ತಾಳೆ ನನ್ನ ಹೆಂಡತಿ. ಆದರೆ ಹೊಸದಾಗಿ ಕಾರಖಾನೆ ಸೇರಿದವರು ಬಂದು, "ಕಾಕಾ, ಬೇರಿಂಗಿಗೆ ಎಷ್ಟ ಗ್ರೀಸ್ ಹಾಕಬೇಕ್ರಿ?" ಎಂದು ಕೇಳಿದರೆ ಖುಷಿಯಿಂದ ಹೇಳುತ್ತೇನೆ. ಯಾಕೆ ಹಾಕಬೇಕು ಎಂದು ಕೇಳಿದರೂ ಹೇಳುತ್ತೇನೆ. ಯಾವಾಗ ಹಾಕಬಾರದು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನ್ನ ತಲೆ ಕೆಡಿಸಿದ್ದು ಆ ಪ್ರಶ್ನೆಯೇ. ಅದರ ಕಥೆಯನ್ನು ಬರೆದಿಡುತ್ತಿದ್ದೇನೆ. ಓದಿದವರಿಗೆ ಏನು ತಿಳಿಯುತ್ತದೋ ಗೊತ್ತಿಲ್ಲ, ಯಾಕೆಂದರೆ ನನಗೇ ಅದು ಪೂರ್ತಿ ತಿಳಿದಿಲ್ಲ.

ನಾನು ಗಡಹಿಂಗ್ಲಜದ ಗಾಣದ ಮನೆಯವನು. ಅಪ್ಪ ಎತ್ತಿನ ಗಾಣದಲ್ಲಿ ಶೇಂಗಾ, ಕುಸುಬಿ ಆಡಿಸುತ್ತಿದ್ದ. ಎಣ್ಣೆ ಕೊಡುವ ಗಾಣಕ್ಕೂ ಎಣ್ಣೆ ಬೇಕೆಂದರೆ ಹೊರಗಿನವರು ನಗುತ್ತಾರೆ. ಮರಕ್ಕೆ ಮರ ತಿಕ್ಕಿ ಕಿರ್ರೆಂದು ಸದ್ದು ಬಂತೆಂದರೆ ಅಪ್ಪ ಉಣ್ಣುತ್ತಿದ್ದರೂ ಕೈ ತೊಳೆದು ಎದ್ದು ಬರುತ್ತಿದ್ದ. "ಗಾಣ ಅಳಾಕತ್ತೈತಿ, ಕೇಳಸವಲ್ದೇನ ನಿನಗ?" ಎಂದು ನನ್ನನ್ನು ಬೈದು ಔಡಲೆಣ್ಣೆ ಹಾಕುತ್ತಿದ್ದ. ಅಳುವುದು ಕೇಳಿಸಬೇಕು, ಕೇಳಿಸಿದ ಕೂಡಲೆ ಎಣ್ಣೆ ಹಾಕಬೇಕು. ನಾನು ಕಲಿತ ಶಾಲೆ ಅದು.

ಊರಿಗೆ ಎಣ್ಣೆ ಗಿರಣಿ ಬಂತು, ಗಾಣ ನಿಂತಿತು. ಎತ್ತನ್ನು ಮಾರಿದೆವು. ಐವತ್ತರ ದಶಕದ ಕೊನೆಯ ಹೊತ್ತಿಗೆ ನಾನು ಇಚಲಕರಂಜಿಯ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗಗಳಿಗೆ ಎಣ್ಣೆ ಹಾಕುವವನಾಗಿ ಸೇರಿದೆ. ಅಲ್ಲಿ ಮಗ್ಗ ರಿಪೇರಿ ಮಾಡುವ ಜಾಬರ್ ಮಲ್ಲಪ್ಪ ಎಂಬವರು, ಅಥಣಿ ಕಡೆಯವರು, ನನಗೆ ಮೇಲಿನವರು. ಸೇರಿದ ಹೊಸತರಲ್ಲಿ ಒಂದು ಮಗ್ಗ ಅಳುವುದು ಕೇಳಿಸಿತು. ಗಾಣದ ಮನೆಯ ಕೈಯಲ್ಲವೇ, ಧಾರಾಳವಾಗಿ ಸುರಿದೆ. ಮಗ್ಗ ಸುಮ್ಮನಾಯಿತು. ಸಂಜೆ ನೋಡಿದರೆ ಬಿಳಿ ಧೋತರದ ಉದ್ದಕ್ಕೂ ಕರಿ ಕಲೆ. ಮಲ್ಲಪ್ಪನವರು ಬೈಯಲಿಲ್ಲ. ಆ ಧೋತರವನ್ನೇ ಹರಿದು ನನ್ನ ತಲೆಗೆ ರುಮಾಲು ಸುತ್ತಿದರು, ವಾರವಿಡೀ ಅದನ್ನೇ ಸುತ್ತಿಕೊಂಡು ಕೆಲಸಕ್ಕೆ ಬರಬೇಕು ಎಂದರು.

"ತಮ್ಮಾ, ಎಣ್ಣಿಗೆ ಕಾಲ ಅದಾವು," ಎಂದರು. "ನೀ ಇಟ್ಟಲ್ಲಿ ಅದು ಕುಂಡರೂದಿಲ್ಲ. ಬ್ಯಾಡ ಅಂದಲ್ಲಿಗೆ ಮೊದಲ ಹೊಕ್ಕೈತಿ."

ಆ ಮಾತನ್ನು ನಾನು ಆಗ ತಮಾಷೆ ಎಂದುಕೊಂಡಿದ್ದೆ. ಅರುವತ್ತರ ದಶಕದಲ್ಲಿ ಕೊಲ್ಹಾಪುರಕ್ಕೆ ಬಂದ ಮೇಲೆ ಅದು ತಮಾಷೆಯಲ್ಲ ಎಂದು ಗೊತ್ತಾಯಿತು.

ಕೊಲ್ಹಾಪುರದಲ್ಲಿ ನಾನು ಸೇರಿದ್ದು ಆಯಿಲ್ ಎಂಜಿನ್ನಿನ ಭಾಗಗಳನ್ನು ಮಾಡುವ ವರ್ಕ್‌ಶಾಪಿಗೆ. ಹಿಂದೆ ಎರಕದ ಭಟ್ಟಿ, ಮುಂದೆ ಲೇಥುಗಳು. ಮಾಲಕರನ್ನು ಎಲ್ಲರೂ ಆಬಾಸಾಹೇಬ ಎನ್ನುತ್ತಿದ್ದರು. ಫಿಟಿಂಗ್ ನೋಡುವವರು ಗಣಪತ ಮಿಸ್ತ್ರಿ. ಇಬ್ಬರೂ ಮರಾಠಿ ಮಾತಾಡುವವರು, ಅವರ ಮಾತನ್ನು ನನ್ನ ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲಿ ಬರೆಯುತ್ತೇನೆ. ಆಬಾಸಾಹೇಬರ ತಾಯಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದೆವು. ಅವರ ತವರು ನಮ್ಮ ಗಡಹಿಂಗ್ಲಜದ ಪಕ್ಕದ ಹಳ್ಳಿ, ಆದ್ದರಿಂದ ನನ್ನ ಹತ್ತಿರ ಕನ್ನಡದಲ್ಲೇ ಮಾತಾಡುತ್ತಿದ್ದರು. ದಿನಾ ಬೆಳಿಗ್ಗೆ ಬಂದು ಆಫೀಸಿನ ದೇವರಿಗೆ ದೀಪ ಹಚ್ಚಿ, ಒಂದು ಸುತ್ತು ನೋಡಿ ಹೋಗುವುದು ಅವರ ರೂಢಿ.

ಆ ವರ್ಕ್‌ಶಾಪಿನಲ್ಲಿ ಒಂದು ಪದ್ಧತಿ ಇತ್ತು. ಯಾವ ಎಂಜಿನ್ ಬಾಗಿಲು ದಾಟಿದರೂ ಒಣಗಿಕೊಂಡು ದಾಟಬಾರದು. ಗಾಡಿಗೆ ಏರಿಸುವ ಮೊದಲು ಯಾರಾದರೊಬ್ಬರು ಒಂದು ತೊಟ್ಟು ಎಣ್ಣೆ ಬಿಡಬೇಕು. ಇದಕ್ಕೆ ಉಡಿ ತುಂಬುವುದು, ಅಂದರೆ ಮಡಿಲು ತುಂಬುವುದು, ಎಂದೇ ಹೆಸರು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಬರಿ ಉಡಿಯಲ್ಲಿ ಕಳಿಸುತ್ತಾರೆಯೇ ಎಂದು ಆಯಿ ಕೇಳುತ್ತಿದ್ದರು. ಆ ಒಂದು ತೊಟ್ಟಿನಿಂದ ಎಂಜಿನ್ನಿಗೆ ಆಗುವುದೇನೂ ಇಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಬಿಡುತ್ತಿದ್ದರು.

ಇಂಥ ಜಾಗಕ್ಕೆ ಒಂದು ದಿನ ಮೂರ್ತಿ ಎಂಬ ಎಂಜಿನಿಯರ್ ಬಂದರು. ಮೈಸೂರು ಕಡೆಯವರು, ಕನ್ನಡಕ ಹಾಕಿದ ಸಣಕಲು ಮನುಷ್ಯ. ಮೇಲಕ್ಕೆ ರಾಕೆಟ್ ಹಾರಿಸಿ ಆಕಾಶದ ಸಂಗತಿ ತಿಳಿಯುವವರ ಕಡೆಯಿಂದ ಬಂದಿದ್ದೇನೆ ಎಂದರು. ರಾಕೆಟ್ಟಿನ ತಲೆಯೊಳಗೆ ಒಂದು ಪುಟ್ಟ ಕನ್ನಡಿ ತಿರುಗಬೇಕಂತೆ, ಅದನ್ನು ತಿರುಗಿಸುವ ಅಂಗೈಯಗಲದ ಗಿಯರ್ ಪೆಟ್ಟಿಗೆಗಳನ್ನು ನಾವು ಮಾಡಿಕೊಡಬೇಕಂತೆ. ಸದ್ಯಕ್ಕೆ ಪರೀಕ್ಷೆಗೆ, ಮುಂದೆ ಹೆಚ್ಚು ಕಾಲ ಮೇಲೆಯೇ ಇರುವಂಥವಕ್ಕೆ. ಅವರಿಗೆ ಮರಾಠಿ ಬಾರದು, ಮಿಸ್ತ್ರಿಗೆ ಇಂಗ್ಲಿಷ್ ಬಾರದು. ಹೀಗಾಗಿ ನಡುವೆ ನಾನು ನಿಲ್ಲಬೇಕಾಯಿತು.

"ಒಂದು ತೊಟ್ಟು ಎಣ್ಣೆ ಕೂಡ ಇರಬಾರದು. ಗ್ರೀಸೂ ಬೇಡ," ಎಂದರು ಮೂರ್ತಿಯವರು.

ನಾನು ಮರಾಠಿಗೆ ತಿರುಗಿಸಿದೆ. ಗಣಪತ ಮಿಸ್ತ್ರಿ ನನ್ನ ಮುಖವನ್ನೇ ನೋಡಿದರು. "ನೀಟ ಕೇಳ್. ತೇಲ್ ನಾಹೀ ತರ ಚಾಲಣಾರ ಕಸಂ?" ಎಂದರು. ಎಣ್ಣೆಯಿಲ್ಲದೆ ನಡೆಯುವುದು ಹೇಗೆ, ಸರಿಯಾಗಿ ಕೇಳು ಎಂದು.

"ಮೇಲೆ ಗಾಳಿಯೇ ಇಲ್ಲ," ಎಂದು ಮೂರ್ತಿಯವರು ವಿವರಿಸಿದರು. "ಒತ್ತಡ ಇಲ್ಲದ ಕಡೆ ಎಣ್ಣೆ ಹಬೆಯಾಗಿ ಹಾರಿಹೋಗುತ್ತೆ. ಹೋಗಿದ್ದು ಸುಮ್ಮನೆ ಹೋಗಲ್ಲ, ಪಕ್ಕದಲ್ಲಿರೋ ಕನ್ನಡಿ ಮೇಲೆ ಕೂತ್ಕೊಳ್ಳುತ್ತೆ. ಆಮೇಲೆ ಗಿಯರೂ ಒಣಗುತ್ತೆ. ಇಲ್ಲಿ ಕೆಳಗಾದರೆ ಗಾಳಿಯಿಂದ ಲೋಹದ ಮೇಲೆ ಒಂದು ತೆಳು ಪೊರೆ ಇರುತ್ತೆ. ಅಲ್ಲಿ ಅದು ಸವೆದರೆ ಮತ್ತೆ ಬರಲ್ಲ, ಉಕ್ಕು ಉಕ್ಕಿಗೇ ಅಂಟಿಬಿಡುತ್ತೆ."

ನನಗೆ ಮಲ್ಲಪ್ಪನವರ ಮಾತು ನೆನಪಾಯಿತು. ಎಣ್ಣೆಗೆ ಕಾಲಿವೆ ಎಂದು ಗೊತ್ತಿತ್ತು, ರೆಕ್ಕೆಯೂ ಇದೆ ಎಂದು ಅವತ್ತು ಗೊತ್ತಾಯಿತು. ಎಣ್ಣೆಯ ಬದಲಿಗೆ ಅವರು ಒಂದು ಕಪ್ಪು ಪುಡಿ ತಂದಿದ್ದರು. ಹೆಸರು ಮಾಲಿಬ್ಡಿನಂ ಎಂದೇನೋ ಉದ್ದಕ್ಕಿತ್ತು. ಹಲ್ಲು, ಬೇರಿಂಗು ಎಲ್ಲವನ್ನೂ ಜಿಡ್ಡು ಹೋಗುವ ಹಾಗೆ ತೊಳೆದು, ಬಿಸಿಯಲ್ಲಿ ಒಣಗಿಸಿ, ಬರಿಗೈ ತಾಗಿಸದೆ ಆ ಪುಡಿಯನ್ನು ಮೆತ್ತನೆ ಚರ್ಮದಿಂದ ಹೊಳಪು ಬರುವವರೆಗೆ ತಿಕ್ಕಬೇಕು. ಕೈಗೆ ಗವಸು ಹಾಕಿಕೊಂಡೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವುದನ್ನೂ ಬಿಡಬೇಕೆಂದರು. ಗಾಣದ ಮನೆಯವನು ಒಣತಲೆಯಲ್ಲಿ ಓಡಾಡುವುದನ್ನು ನೋಡಿ ಓಣಿಯವರು, ಮನೆಯಲ್ಲಿ ಯಾರಾದರೂ ತೀರಿಕೊಂಡರೇ ಎಂದು ಕೇಳಿದರು.

ಆಬಾಸಾಹೇಬರು ನನ್ನನ್ನು ಆಫೀಸಿಗೆ ಕರೆದರು. "ಈರಪ್ಪಾ, ಸಾಹೇಬರ ಮಾತು ನಿನಗೊಬ್ಬನಿಗ ತಿಳೀತೈತಿ. ಒಂದು ತೊಟ್ಟ ಎಣ್ಣಿ ಕಂಡರೂ ಜವಾಬ್ದಾರಿ ನಿಂದ. ಈ ಕೆಲಸ ಕೆಟ್ಟರ ನೀ ಗಡಹಿಂಗ್ಲಜದ ಗಾಣಕ್ಕ ಹೋಗಬೇಕಾಕ್ಕೈತಿ," ಎಂದರು.

ಹೋಗಲು ಗಾಣವೆಲ್ಲಿತ್ತು? ಅದರ ಕಲ್ಲಿನ ಮೇಲೆ ಅಪ್ಪ ಬಿಸಿಲು ಕಾಯಿಸಿಕೊಳ್ಳುತ್ತ ಕೂರುತ್ತಿದ್ದ. ಮನೆಗೆ ನಾನು ಕಳಿಸುವುದೇ ಆಧಾರ.

ಮಾಡಿದ್ದು ಸರಿಯೋ ತಪ್ಪೋ ನೋಡಲು ಊರಿನ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ದಪ್ಪ ಗಾಜಿನ ಗುಮ್ಮಟ ಇತ್ತು. ಅದರೊಳಗೆ ಪೆಟ್ಟಿಗೆ ಇಟ್ಟು, ಪಂಪಿನಿಂದ ಗಾಳಿ ಎಳೆದು, ಸಣ್ಣ ಮೋಟಾರಿನಿಂದ ತಿರುಗಿಸುವುದು. ಬಲ್ಬಿನಿಂದ ಬಿಸಿ ಕೊಟ್ಟು, ಪಕ್ಕಕ್ಕೆ ಮಂಜುಗಡ್ಡೆಯಿಂದ ತಂಪು ಮಾಡಿದ ಗಾಜಿನ ಬಿಲ್ಲೆ ಇಡುವುದು. ಎಣ್ಣೆ ಇದ್ದರೆ ಬಿಲ್ಲೆಯ ಮೇಲೆ ಮಬ್ಬು ಕೂರುತ್ತದೆ. ಮೊದಲ ಸಲ ನೋಡಲು ಹೋದಾಗ ನಾನು ಪಂಪಿನ ಹೊಟ್ಟೆಯಲ್ಲಿ ಎಣ್ಣೆ ಕಂಡೆ.

"ಸಾಹೇಬರ, ಇದಕ್ಕ ಎಣ್ಣಿ ನಡೀತೈತೇನ್ರಿ?"

"ಇದಕ್ಕೆ ಬೇಕೇ ಬೇಕು," ಎಂದರು.

ಎಣ್ಣೆ ಇಲ್ಲದ ಜಾಗ ಮಾಡುವುದಕ್ಕೂ ಎಣ್ಣೆ ಬೇಕು. ಅವರೇ ಖಾಲಿ ಗುಮ್ಮಟವನ್ನು ಒಮ್ಮೆ ನಡೆಸಿ, ಬಿಲ್ಲೆ ಸ್ವಚ್ಛವಾಗಿರುವುದನ್ನು ತೋರಿಸಿದರು.

ನನ್ನನ್ನು ಕಂಗೆಡಿಸಿದ್ದು ಬೇರೆ. ಪಂಪು ಶುರುವಾದ ಮೇಲೆ ಗಿಯರಿನ ಸದ್ದು ಕಿವಿಗೆ ಕ್ಷೀಣವಾಗುತ್ತ ಬಂತು. ಕೊನೆಗೆ ಹಲ್ಲು ತಿರುಗುವುದು ಕಣ್ಣಿಗೆ ಕಾಣುತ್ತಿದೆ, ಕಿವಿಗೆ ಏನೂ ಇಲ್ಲ. ಸದ್ದು ಬರಲು ಗಾಳಿ ಬೇಕು ಎಂದು ಮೂರ್ತಿಯವರು ಹೇಳಿದರು. ನಾನು ಕಿವಿಯಿಂದ ಕೆಲಸ ಕಲಿತವನು. ಅಳುವುದು ಕೇಳಿಸದ ಯಂತ್ರವನ್ನು ಹೇಗೆ ನೋಡಿಕೊಳ್ಳುವುದು ಎಂದು ಅವರನ್ನು ಕೇಳಬೇಕೆನಿಸಿತು. ಮರಾಠಿಯಲ್ಲೂ ಕನ್ನಡದಲ್ಲೂ ಆ ಪ್ರಶ್ನೆ ಹುಚ್ಚುತನದ್ದಾಗಿ ಕಂಡು ಸುಮ್ಮನಾದೆ.

ನಡುವೆ ಒಂದು ಪಡಿಪಾಟಲು ಆಯಿತು. ಮೂರ್ತಿಯವರ ಪುಡಿ ಮುಗಿಯುತ್ತ ಬಂದಿತ್ತು. ಮಿಸ್ತ್ರಿ ನಗುತ್ತ, "ಕರಿ ಪುಡಿ ತಾನ? ನಮ್ಮ ಭಟ್ಟ್ಯಾಗ ಬೇಕಾದಷ್ಟ ಬಿದ್ದೈತಿ," ಎಂದು ಅಚ್ಚಿಗೆ ಬಳಿಯುವ ಗ್ರ್ಯಾಫೈಟ್ ತಂದುಕೊಟ್ಟರು. ಕೈಗೂ ಕಣ್ಣಿಗೂ ಎರಡೂ ಒಂದೇ. ಅದನ್ನು ತಿಕ್ಕಿದ ಪೆಟ್ಟಿಗೆ ಮೇಜಿನ ಮೇಲೆ ಬೆಣ್ಣೆಯಂತೆ ತಿರುಗಿತು. ಗುಮ್ಮಟದೊಳಗೆ ಇಟ್ಟರೆ ಕಪ್ಪು ದೂಳು ಉದುರಿಸಿ ನಿಂತೇ ಹೋಯಿತು. ಗ್ರ್ಯಾಫೈಟಿಗೆ ಗಾಳಿಯ ತೇವ ಬೇಕು, ಒಣ ಜಾಗದಲ್ಲಿ ಅದು ಜಾರುವುದಿಲ್ಲ ಎಂದು ಮೂರ್ತಿಯವರು ಹೇಳಿದರು. ಹಾಗಿದ್ದರೆ ಇವರ ಪುಡಿಗೆ? ಅದಕ್ಕೆ ತೇವವೇ ವೈರಿ, ಮಳೆಗಾಲದಲ್ಲಿ ಡಬ್ಬಿ ಮುಚ್ಚಿಡಬೇಕು. ಎರಡು ಕಪ್ಪಿನಲ್ಲಿ ಒಂದಕ್ಕೆ ನೀರು ಬೇಕು, ಇನ್ನೊಂದಕ್ಕೆ ಬೇಡ. ಮಿಸ್ತ್ರಿಗೆ ಇದನ್ನು ಮರಾಠಿಯಲ್ಲಿ ಹೇಳುವಷ್ಟರಲ್ಲಿ ಯಾವುದಕ್ಕೆ ಯಾವುದು ಎಂದು ನನಗೇ ಅದಲುಬದಲಾಯಿತು.

ಅಂತೂ ಹೊಸ ಪುಡಿ ಬಂದು, ಮೊದಲ ಪೆಟ್ಟಿಗೆಗಳು ತಯಾರಾಗಿ, ಗುಮ್ಮಟದಲ್ಲಿ ಪಾಸಾದ ಮೇಲೆ ಕಾಗದ ಸುತ್ತಿಸಿಕೊಂಡು ರೈಲಿನಲ್ಲಿ ಹೋದವು. ಕೆಲವು ದಿನಗಳಲ್ಲಿ ಮೂರ್ತಿಯವರೇ ಅವನ್ನು ಹಿಡಿದುಕೊಂಡು ವಾಪಸು ಬಂದರು. ಮುಖ ಬಾಡಿತ್ತು. ಅಲ್ಲಿಯ ಪರೀಕ್ಷೆಯಲ್ಲಿ ಕನ್ನಡಿ ಮಬ್ಬಾಗಿತ್ತು. ಹಲ್ಲುಗಳ ಸಂದಿಯಲ್ಲಿ ಎಣ್ಣೆ.

ಎಲ್ಲರ ಕಣ್ಣೂ ನನ್ನ ಮೇಲೆ. ಎಣ್ಣೆಯವರ ಮನೆಯ ಹುಡುಗ, ಕೈ ತಡೆಯಲಿಲ್ಲ ಎಂದು ಲೇಥಿನವರು ಆಡಿಕೊಂಡರು. ನಾನು ಹಾಕಿಲ್ಲ ಎಂದು ಆಣೆ ಮಾಡಿದೆ. ಆಬಾಸಾಹೇಬರು ಇನ್ನೊಂದು ಸಲ ನೋಡುತ್ತೇನೆ, ಅದೇ ಕೊನೆ ಎಂದರು. ನನಗೆ ನನ್ನ ಮೇಲೆಯೇ ಅನುಮಾನ ಶುರುವಾಯಿತು. ನಿದ್ದೆಗಣ್ಣಿನಲ್ಲಿ ಹಾಕಿದೆನೇ? ಬೆವರಿನಲ್ಲಿ ಎಣ್ಣೆ ಇರುತ್ತದೆಯೇ? ಗಾಣದ ಮನೆಯವರ ಚರ್ಮದಲ್ಲೇ ಅದು ಉಳಿದುಬಿಟ್ಟಿರುತ್ತದೆಯೇ? ಮೂಗಿನ ಹತ್ತಿರ ಕೈ ಹಿಡಿದು ಮತ್ತೆ ಮತ್ತೆ ಮೂಸಿ ನೋಡಿಕೊಳ್ಳುತ್ತಿದ್ದೆ.

ಎರಡನೆಯ ಸಲ ಮೈಯೆಲ್ಲ ಕಣ್ಣಾಗಿ ಮಾಡಿದೆ. ತೊಳೆದು, ಒಣಗಿಸಿ, ಪುಡಿ ತಿಕ್ಕಿ, ಇಚಲಕರಂಜಿಯ ಬಿಳಿ ಬಟ್ಟೆಯ ಚೂರಿನಿಂದ ಒರೆಸಿ ಜಿಡ್ಡಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಜೋಡಣೆ ನೋಡಿ ಕಾಗದದಲ್ಲಿ ಸುತ್ತುವುದು ಮಿಸ್ತ್ರಿಯ ಕೆಲಸ, ಅವರಿಗೆ ಕೊಟ್ಟೆ. ಸಂಜೆ ಆಬಾಸಾಹೇಬರು ತಮ್ಮ ಕೈಯಿಂದಲೇ ಆಫೀಸಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಬೆಳಿಗ್ಗೆ ಮೂರ್ತಿಯವರೂ ನಾನೂ ಒಂದನ್ನು ಗುಮ್ಮಟಕ್ಕೆ ಒಯ್ದೆವು. ಬಲ್ಬು ಹಚ್ಚಿ ಸ್ವಲ್ಪ ಹೊತ್ತಿಗೆ ಗಾಜಿನ ಬಿಲ್ಲೆಯ ಮೇಲೆ ಮಬ್ಬು ಹರಡತೊಡಗಿತು. ಮೂರ್ತಿಯವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಮಬ್ಬು ಕನ್ನಡಕದ್ದಾಗಿರಲಿಲ್ಲ.

ವರ್ಕ್‌ಶಾಪಿಗೆ ಬಂದು ಹೇಳಿದೆವು. ಆಬಾಸಾಹೇಬರು ಜೋರು ಮಾಡಲಿಲ್ಲ. "ನಿನ್ನ ಸಾಮಾನ ತಗೋ, ಈರಪ್ಪಾ," ಎಂದರು ಅಷ್ಟೇ. ಮಿಸ್ತ್ರಿ ನೆಲ ನೋಡುತ್ತ ನಿಂತಿದ್ದರು. ನಾನು ನನ್ನ ಊಟದ ಡಬ್ಬಿ, ಅಂಗಿ ತೆಗೆದುಕೊಂಡೆ. ಅಪ್ಪನಿಗೆ ಏನು ಹೇಳುವುದು ಎಂಬುದೊಂದೇ ತಲೆಯಲ್ಲಿತ್ತು. ಎಣ್ಣೆ ಹಾಕಿದ್ದಕ್ಕೆ ಕೆಲಸ ಹೋಯಿತು ಎಂದರೆ ಅವನಿಗೆ ಅರ್ಥವಾಗದು. ಹಾಕದೆಯೇ ಹೋಯಿತು ಎಂದರೆ ನನಗೇ ಅರ್ಥವಾಗದು.

ಬಾಗಿಲಲ್ಲಿ ಆಯಿ ಎದುರಾದರು. ಬೆಳಿಗ್ಗೆ ದೀಪ ಹಚ್ಚಲು ಬಂದವರು ಆಗಷ್ಟೇ ಮನೆಗೆ ಹೊರಟಿದ್ದರು.

"ಹಗಲಾಗ ಎಲ್ಲಿಗ ಹೊಂಟ್ಯೋ?"

"ಕೆಲಸಾ ಹೋತ್ರಿ ಆಯಿ. ಆ ಪೆಟಿಗ್ಯಾಗ ಎಣ್ಣಿ ಸಿಕ್ಕೈತ್ರಿ."

"ಕಪಾಟಿನ್ಯಾಗಿನ ಪೆಟಿಗಿ ಏನು?" ಎಂದು ಆಯಿ ನಿಂತರು. "ಅದಕ್ಕ ಮುಂಜಾನೆ ದೀಪಾ ಹಚ್ಚೂ ಮುಂದ ಎಣ್ಣಿ ನಾ ಹಾಕೀನಲ್ಲೋ. ಒಂದೊಂದಕ್ಕ ಒಂದೊಂದ ತೊಟ್ಟು. ದೀಪದ ಎಣ್ಣಿ, ಚಲೋ ಎಣ್ಣಿ. ಅಷ್ಟ ದೂರ ಹೋಗೂವು, ಬರಿ ಉಡ್ಯಾಗ ಹೆಂಗ ಕಳಸೂದು?"

ಬೀಗದ ಕೈಯ ಇನ್ನೊಂದು ಜೋಡಿ ಅವರ ಸೊಂಟದಲ್ಲಿ ಇರುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ಅವರು ಹೇಳಿದ್ದನ್ನು ಮೂರ್ತಿಯವರು ಕೇಳಿಸಿಕೊಂಡರು, ನಾನು ಮಿಸ್ತ್ರಿಗೂ ಮಾಲಕರಿಗೂ ಮರಾಠಿಯಲ್ಲಿ ಮತ್ತೊಮ್ಮೆ ಹೇಳಿದೆ. ಗಣಪತ ಮಿಸ್ತ್ರಿ ಮುಂದೆ ಬಂದರು.

"ನಾನೂ ಹಾಕೀನ್ರಿ," ಎಂದರು. "ಸುತ್ತೂ ಮುಂದ. ಹೋದ ಸಲಾನೂ ಹಾಕಿದ್ದೆ. ಒಂದ ತೊಟ್ಟಿಗೆ ಏನ ಆದೀತು ಅಂದ್ಕೊಂಡೆ. ಒಣಾ ಕಳಸಾಕ ಕೈ ಬರಲಿಲ್ಲ."

ಈಗ ಎಲ್ಲರೂ ಮಾಲಕರ ಮುಖ ನೋಡಿದೆವು, ಇಬ್ಬರಿಗೂ ಏನೆನ್ನುತ್ತಾರೋ ಎಂದು. ಆಬಾಸಾಹೇಬರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. "ಮೀ ಪಣ," ಎಂದರು. ನಾನೂ ಕೂಡ ಹಾಕಿದ್ದೇನೆ ಎಂದು. ಬೀಗ ಹಾಕುವ ಮೊದಲು, ಎರಡೂ ಸಲ.

ಯಾರೂ ನಗಲಿಲ್ಲ. ನಗು ಬಂದದ್ದು ಎಷ್ಟೋ ದಿನಗಳ ಮೇಲೆ. ಆ ಹೊತ್ತಿನಲ್ಲಿ ಅವರು ಮೂವರೂ, ನೆರೆಮನೆಯ ಮಾವಿನಕಾಯಿ ಕಿತ್ತು ಸಿಕ್ಕಿಬಿದ್ದವರ ಹಾಗೆ ನಿಂತಿದ್ದರು. ನಾನು ಕೈಯಲ್ಲಿ ಊಟದ ಡಬ್ಬಿ ಹಿಡಿದುಕೊಂಡು, ಹೋಗಬೇಕೋ ಇರಬೇಕೋ ತಿಳಿಯದೆ ಬಾಗಿಲಲ್ಲೇ ಇದ್ದೆ. ಆಯಿ ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡು ಗೂಟಕ್ಕೆ ನೇತುಹಾಕಿದರು. ನನ್ನ ಕೆಲಸ ಉಳಿದದ್ದು ಹೀಗೆ.

ಮೂರ್ತಿಯವರಿಗೆ ಸಿಟ್ಟು ಬರಬೇಕಿತ್ತು. ಅವರು ಆಯಿಯ ಮುಂದೆ ಕುಳಿತು, ನನಗೆ ಹೇಳಿದ್ದನ್ನೆಲ್ಲ ಮೊದಲಿನಿಂದ ಹೇಳಿದರು. ಆಯಿ ಎಲ್ಲವನ್ನೂ ಕೇಳಿ, "ಆತಪಾ, ಎಣ್ಣಿ ಬ್ಯಾಡ. ಮತ್ತೇನ ಹಾಕಿದರ ನಡೀತೈತಿ ಹೇಳು," ಎಂದರು. ಮೂರ್ತಿಯವರು ತಲೆ ಕೆರೆದುಕೊಂಡು ಯೋಚಿಸಿದರು. ಇಂಥ ಪ್ರಶ್ನೆ ಅವರ ಓದಿನಲ್ಲಿ ಬಂದಿರಲಿಕ್ಕಿಲ್ಲ. ಕೊನೆಗೆ, "ಒಳಗೆ ಏನೂ ಬೇಡ ಅಮ್ಮ. ತಗಡಿನ ಡಬ್ಬಿಗೆ ಬೆಸುಗೆ ಹಾಕಿ, ಮರದ ಪೆಟ್ಟಿಗೆಯಲ್ಲಿಟ್ಟ ಮೇಲೆ, ಮರದ ಮೇಲೆ ಏನು ಬೇಕಾದರೂ ಇಡಿ," ಎಂದರು.

ಮೂರನೆಯ ಸಲ ತೊಳೆದು ತಿಕ್ಕಿದೆವು. ಗುಮ್ಮಟದಲ್ಲಿ ಬಿಲ್ಲೆ ತಿಳಿಯಾಗಿಯೇ ಉಳಿಯಿತು, ಗಿಯರು ನಿಲ್ಲದೆ ತಿರುಗಿತು. ಬೆಸುಗೆ ಹಾಕುವವರೆಗೆ ಮಿಸ್ತ್ರಿ ಎರಡೂ ಕೈಯನ್ನು ಹಿಂದೆ ಕಟ್ಟಿಕೊಂಡು ನಿಂತಿದ್ದರು. ಆಮೇಲೆ ಆಯಿ ಮರದ ಪೆಟ್ಟಿಗೆಯ ಮೇಲೆ ಅರಿಷಿಣ ಕುಂಕುಮ ಹಚ್ಚಿ, ಅಕ್ಕಿ, ರವಿಕೆಯ ಖಣ, ತೆಂಗಿನಕಾಯಿ ಇಟ್ಟು ಉಡಿ ತುಂಬಿದರು. ಮೀರಜದ ಗಾಡಿ ಹೊರಟಾಗ ಮೂರ್ತಿಯವರು ಆ ತೆಂಗಿನಕಾಯಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಹತ್ತಿರ ಕುಳಿತಿದ್ದರು. ದಾರಿಯ ಹಾತಕಣಂಗಲೆ ಸ್ಟೇಷನ್ ದಾಟುವವರೆಗಾದರೂ ಅದು ಹಾಗೇ ಇದ್ದಿರಬೇಕು.

ನಮ್ಮ ಪೆಟ್ಟಿಗೆ ಪರೀಕ್ಷೆಯಲ್ಲಿ ಪಾಸಾಯಿತೆಂದು ಹೇಳಿಕಳಿಸಿದರು. ಮೇಲೆ ಹೋಯಿತೇ, ಅಲ್ಲಿ ಕನ್ನಡಿ ತಿರುಗಿತೇ, ನಮಗೆ ಯಾರೂ ಹೇಳಲಿಲ್ಲ. ಮುಂದೆ ಪೇಪರಿನಲ್ಲಿ ರಾಕೆಟ್ಟಿನ ಚಿತ್ರ ಬಂದಾಗಲೆಲ್ಲ ಮಿಸ್ತ್ರಿ ಹೊಗೆಯ ಮೇಲೆ ಬೆರಳಿಟ್ಟು, "ಇದ ಇರಬೇಕು ನಮ್ಮದು," ಎನ್ನುತ್ತಿದ್ದರು. ಪ್ರತಿ ಸಲವೂ ಹಾಗೇ ಎನ್ನುತ್ತಿದ್ದರು.

ನಾನು ಇದನ್ನೆಲ್ಲ ಅಪ್ಪನಿಗೆ ಹೇಳಲು ಎಸ್ಟಿ ಬಸ್ಸು ಹಿಡಿದು ಊರಿಗೆ ಹೋದೆ. ಅವನು ಗಾಣದ ಕಲ್ಲಿನ ಮೇಲೆ ಕುಳಿತಿದ್ದ. ಕೆಲಸ ಹೋಗಿ ಬಂದ ಕಥೆಯನ್ನು ರಸವತ್ತಾಗಿ ಹೇಳಿದೆ. ಅವನು ನಕ್ಕಾನು ಎಂದುಕೊಂಡಿದ್ದೆ.

"ಅಲ್ಲಿ ಗಾಳಿ ಇಲ್ಲಂದ್ರ, ಅದು ಅತ್ತರ ಯಾರಿಗೆ ಕೇಳಸ್ತೈತಿ?" ಎಂದ.

"ಯಾರಿಗೂ ಕೇಳಸೂದಿಲ್ಲಪಾ."

ಅಪ್ಪ ತಲೆಯಾಡಿಸಿದ. "ಅದಕ್ಕ ಹಾಕ್ಯಾರ ಆ ಮೂರೂ ಮಂದಿ. ಪಾಪ, ಅಲ್ಲಿ ಹೋಗಿ ಅಳತೈತಿ ಅಂತ ಇಲ್ಲೇ ಹಾಕ್ಯಾರ." ಆಮೇಲೆ ನನ್ನ ಕಡೆ ತಿರುಗಿದ. "ನೀ ಹಾಕಲಿಲ್ಲ?"

"ಹಾಕಬಾರದಿತ್ತಲ್ಲಪಾ. ಹಾಕಿದ್ದರ ಕೆಟ್ಟ ಹೋಗತಿತ್ತು."

"ಅದು ಖರೆ. ಹಾಕದ್ದು ಚಲೋ ಆತು. ನೀ ಮಾಡಿದ್ದ ಬರೋಬರಿ ಐತಿ." ಮತ್ತೆ ಕೇಳಿದ, "ಹಾಕಬೇಕಂತ ಅನಸಲೂ ಇಲ್ಲೇನು ನಿನಗ?"

ನನಗೆ ಅನಿಸಿರಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆಯಲ್ಲಿ ಆ ಪುಟ್ಟ ಪೆಟ್ಟಿಗೆ ಒಣಗಿಕೊಂಡು ಹೋಗುತ್ತಿದೆ ಎಂಬ ಸಂಕಟ ನನಗೆ ಒಮ್ಮೆಯೂ ಆಗಿರಲಿಲ್ಲ. ತಪ್ಪು ಮಾಡಿದ ಮೂವರಿಗೂ ಆಗಿತ್ತು. ಸರಿಯಾಗಿ ಮಾಡಿದ ಗಾಣದ ಮನೆಯವನಿಗೆ ಆಗಿರಲಿಲ್ಲ. ಅನಿಸಿತ್ತು ಎಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅಪ್ಪ ಒಣಗಿದ ನನ್ನ ತಲೆಯ ಮೇಲೆ ಕೈಯಾಡಿಸಿ, ಒಳಗಿನಿಂದ ಎಣ್ಣೆಯ ಬಟ್ಟಲು ತರಲು ಎದ್ದು ಹೋದ.